ಆರು ಒಳಗೆ, ಆರು ಹೊರಗೆ

ರಿವಾಲ್ವರ್ ಸಿಕ್ಕ ಮೊದಲ ಎರಡು ವರ್ಷ ನಾನು ಅದರ ಹದಿನೆಂಟು ತೋಟೆ (ಗುಂಡು) ಹೆಚ್ಚುವರಿಯಾಗಿ ಹೊತ್ತು ತಿರುಗುತ್ತಿದ್ದೆ. ರಿವಾಲ್ವರಿನೊಳಗೆ ಆರು, ಪ್ಯಾಂಟಿನ ಎಡಗಿಸೆಯಲ್ಲಿ ಆರು, ಸಫಾರಿ ಶರ್ಟಿನ ಕೆಳಗಿನ ಕಿಸೆಯಲ್ಲಿ ಆರು, ಗಲ್ಲೆಯ ಹಣ ತರುವ ಬ್ಯಾಗಿನಲ್ಲಿ ಇನ್ನಾರು. ನನ್ನ ಲೈಸೆನ್ಸಿನಲ್ಲಿ ಬರೆದುಕೊಟ್ಟದ್ದೇ ಒಂದು ಹೊತ್ತಿಗೆ 25, ವರ್ಷಕ್ಕೆ 50. ಅಂದರೆ ಮನೆಯ ಕಪಾಟಿನಲ್ಲಿ ಉಳಿಯುತ್ತಿದ್ದದ್ದು ಒಂದೇ ಒಂದು. ಹೆಂಡತಿ ಅದನ್ನು ನೋಡಿ, "ಇದನ್ನು ಯಾಕೆ ಬಿಟ್ರಿ ಪಾಪ, ಅದನ್ನೂ ಕರ್ಕೊಂಡು ಹೋಗಿ" ಎಂದಿದ್ದಳು.

ಅದು 1999. ಅಂಧೇರಿಯಲ್ಲಿ ನನ್ನ ಹೋಟೆಲು. ಆಗ ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮ ಊರ ಕಡೆಯವರಿಗೆ ಖಂಡಣಿಯ, ಅಂದರೆ ಬೆದರಿಸಿ ಹಣ ಕೇಳುವ, ಫೋನು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. 1997ರ ಆಗಸ್ಟಿನಲ್ಲಿ ಟಿ-ಸೀರೀಸ್ ಕ್ಯಾಸೆಟ್ ಕಂಪನಿಯ ಗುಲ್ಶನ್ ಕುಮಾರ್ ಅವರನ್ನು ಇದೇ ಅಂಧೇರಿಯಲ್ಲಿ, ದೇವಸ್ಥಾನದ ಹೊರಗೆ, ಹಾಡಹಗಲೇ ಗುಂಡಿಟ್ಟು ಕೊಂದ ಮೇಲೆ ರಾತ್ರಿ ಹಿಸಾಬು ಮುಗಿಸಿ ಶಟರ್ ಎಳೆಯುವಾಗ ಎಲ್ಲರಿಗೂ ಬೆನ್ನು ಸ್ವಲ್ಪ ತಣ್ಣಗಾಗುತ್ತಿತ್ತು. ನನಗೂ ಎರಡು ಫೋನು ಬಂದವು. ದೂರು ಕೊಟ್ಟೆ, ಅರ್ಜಿ ಹಾಕಿದೆ, ಕ್ರಾಫರ್ಡ್ ಮಾರ್ಕೆಟಿನ ಪೊಲೀಸ್ ಆಯುಕ್ತರ ಕಚೇರಿಗೆ ಅಲೆದೆ. ಕೊನೆಗೆ ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ಕೈಗೆ ಬಂತು. ತೋಟೆ ಕೂರುವ ಆರು ಮನೆಯ ಸಿಲಿಂಡರು, ಮೂರು ಇಂಚಿನ ನಳಿಗೆ, ತೂಕ 700 ಗ್ರಾಂ.

ನನಗೆ ಕೋವಿ ಹೊಸತಲ್ಲ. ಊರಲ್ಲಿ ಅಪ್ಪನ ಹತ್ತಿರ ಬೆಳೆ ರಕ್ಷಣೆಯ ಒಂಟಿ ನಳಿಗೆ ಇತ್ತು. ರಾತ್ರಿ ಗದ್ದೆಗೆ ಹಂದಿ ಬಂದರೆ ಅವರು ಎರಡೇ ತೋಟೆ ತೆಗೆದುಕೊಂಡು ಹೊರಡುತ್ತಿದ್ದರು. ಅವರ ಮಗ ಮುಂಬೈಯಲ್ಲಿ ಇಪ್ಪತ್ತನಾಲ್ಕು ತೋಟೆ ಹೊತ್ತು ನಡೆಯುತ್ತಿದ್ದಾನೆ ಎಂದು ಅವರಿಗೆ ನಾನು ಹೇಳಲೇ ಇಲ್ಲ.

ಕಣ್ಣು ತೆರೆಸಿದ್ದು ಗುರಿ ಅಭ್ಯಾಸದ ರೇಂಜಿನಲ್ಲಿ ಸಿಕ್ಕಿದ ಒಬ್ಬ ನಿವೃತ್ತ ಸುಬೇದಾರರು, ಬೆಳಗಾವಿ ಕಡೆಯವರು. ನನ್ನ ಕಿಸೆಗಳು ಜೋತುಬಿದ್ದದ್ದು ನೋಡಿ, "ಏನ್ರೀ ಶೆಟ್ರ, ಗಡಿ ಕಾಯಾಕ ಹೊಂಟೀರೇನು?" ಎಂದು ಕೇಳಿದರು. ಆಮೇಲೆ ಒಂದು ಪರೀಕ್ಷೆ ಇಟ್ಟರು. ಎರಡು ಗುಂಡು ಹೊಡೆಯಿರಿ, ತೆರೆಯಿರಿ, ಮತ್ತೆ ತುಂಬಿ, ಇನ್ನೆರಡು ಹೊಡೆಯಿರಿ. ಅವರ ಕೈಯಲ್ಲಿ ಗಡಿಯಾರ.

ಈ ರಿವಾಲ್ವರ್ ತೆರೆಯುವುದು ಬ್ರಿಟಿಷರ ಹಳೆಯ ವೆಬ್ಲಿ ರಿವಾಲ್ವರಿನ ಹಾಗೆ, ಅಪ್ಪನ ಕೋವಿಯ ಹಾಗೆಯೇ ನಳಿಗೆ ಮುಂದಕ್ಕೆ ಬಾಗುತ್ತದೆ. ಬಾಗಿದಾಗ ನಡುವಿನ ನಕ್ಷತ್ರದಂಥ ತುಂಡು ಮೇಲೆದ್ದು ಆರೂ ತೋಟೆಗಳನ್ನು ಒಟ್ಟಿಗೆ ಹೊರಗೆ ತಳ್ಳುತ್ತದೆ. ಹೊಡೆದದ್ದು, ಹೊಡೆಯದ್ದು ಎಂಬ ಭೇದ ಅದಕ್ಕಿಲ್ಲ. ನಾನು ಅವಸರದಲ್ಲಿ ಪೂರ್ತಿ ಬಾಗಿಸಿದೆ. ಎರಡು ಖಾಲಿ ತೋಟೆಯ ಜೊತೆ ನಾಲ್ಕು ಜೀವಂತ ತೋಟೆಯೂ ಸಿಮೆಂಟಿನ ಮೇಲೆ ಉರುಳಿದವು. ಬಗ್ಗಿ ಹೆಕ್ಕಲು ಹೋದೆ. "ಬಿಡ್ರಿ, ಅವು ಸತ್ತವು. ಕಿಸೇದಾಗಿಂದ ತಗೀರಿ" ಎಂದು ಗದರಿದರು. ಎಡಗಿಸೆಗೆ ಕೈ ಹಾಕಿದರೆ ತೋಟೆಯ ಜೊತೆ ಸ್ಕೂಟರಿನ ಕೀಲಿ, ಒಂದೂವರೆ ರೂಪಾಯಿ ಚಿಲ್ಲರೆ, ಬಡೆಸೋಂಪಿನ ಪೊಟ್ಟಣ. ಒಂದೊಂದನ್ನೇ ಹುಡುಕಿ, ತಿರುಗಿಸಿ, ತುಂಬುವಷ್ಟರಲ್ಲಿ ನಲವತ್ತು ಸೆಕೆಂಡು. ಹೆದರಿಕೆಯಿಲ್ಲದೆ, ಬೆಳಕಿನಲ್ಲಿ, ಯಾರೂ ಅಟ್ಟಿಸಿಕೊಂಡು ಬರದಿದ್ದಾಗ.

ಅವತ್ತು ಕಲಿತದ್ದು ಎರಡು. ಒಂದು, ಬಲಗೈ ರೂಢಿಯವನು ತುಂಬುವಾಗ ರಿವಾಲ್ವರನ್ನು ಎಡಗೈಗೆ ದಾಟಿಸುತ್ತಾನೆ, ತುಂಬುವುದು ಬಲಗೈ. ಹಾಗಾಗಿ ಹೆಚ್ಚುವರಿ ತೋಟೆ ಇರಬೇಕಾದ್ದು ಬಲಬದಿಯ ಮುಂಭಾಗದಲ್ಲಿ. ನಾನು ಪಿಸ್ತೂಲಿನವರನ್ನು ನೋಡಿ ಎಡಕ್ಕೆ ಇಟ್ಟುಕೊಂಡಿದ್ದೆ. ಎರಡು, ಬಿಡಿ ತೋಟೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಸುಬೇದಾರರು ಆವತ್ತು ಚಹಾ ಕುಡಿಯುತ್ತ ಅಮೆರಿಕದ ಒಂದು ಕಥೆ ಹೇಳಿದರು. ಆಮೇಲೆ ನಾನೂ ಓದಿ ನೋಡಿದೆ, ನಿಜವೇ. 1970ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ನ್ಯೂಹಾಲ್ ಎಂಬಲ್ಲಿ ಇಬ್ಬರು ದುಷ್ಕರ್ಮಿಗಳು ಹೆದ್ದಾರಿ ಪೊಲೀಸರ ನಾಲ್ವರನ್ನು ಕೆಲವೇ ನಿಮಿಷಗಳಲ್ಲಿ ಕೊಂದುಬಿಟ್ಟರು. ಅವರಲ್ಲೊಬ್ಬ ಸತ್ತದ್ದು ಚೀಲದಿಂದ ಬಿಡಿ ಗುಂಡು ತೆಗೆದು ರಿವಾಲ್ವರಿಗೆ ತುಂಬುತ್ತಿದ್ದಾಗ. ಆ ಮೇಲೆ ಆ ಪಡೆ ಆರನ್ನೂ ಒಂದೇ ಸಲ ಕೂರಿಸುವ ಸ್ಪೀಡ್ ಲೋಡರ್ ತಂದುಕೊಂಡಿತು.

ನಮ್ಮ .32ಗೆ ಸರಿಹೊಂದುವ ಸ್ಪೀಡ್ ಲೋಡರ್ ನನಗಂತೂ ಸಿಗಲಿಲ್ಲ. ಧಾರಾವಿಯ ಒಂದು ಚರ್ಮದ ಅಂಗಡಿಗೆ ಹೋಗಿ, ಅಳತೆಗೆಂದು ಖಾಲಿ ತೋಟೆ ಕೊಟ್ಟು, ಸೊಂಟದ ಬೆಲ್ಟಿಗೆ ಸಿಕ್ಕಿಸುವ ಪೌಚು ಹೊಲಿಸಿದೆ. ಎರಡೆರಡರಂತೆ ಮೂರು ಗೂಡು. ಎರಡು ತೋಟೆ ಬೆರಳ ನಡುವೆ ಹಿಡಿದರೆ ಪಕ್ಕಪಕ್ಕದ ಎರಡು ಮನೆಗೆ ಒಟ್ಟಿಗೆ ಹೋಗುತ್ತವೆ. ಮದ್ದಿಲ್ಲದ ಡಮ್ಮಿ ತೋಟೆ ಹಿಡಿದು, ಮನೆಯಲ್ಲಿ ಹಾಸಿಗೆಯ ಪಕ್ಕ ನಿಂತು, ಬಿದ್ದರೆ ಹಾಸಿಗೆಯ ಮೇಲೆ ಬೀಳುವ ಹಾಗೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದೆ. ನಲವತ್ತು ಸೆಕೆಂಡು ಹದಿಮೂರಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ನನ್ನ ಕೈಗೆ ಬರಲಿಲ್ಲ. ದೋಸೆ ತಿರುವಿದ ಕೈ, ಅಷ್ಟೇ.

ಹದಿಮೂರು ಸೆಕೆಂಡು ಅಂದರೆ ಎಷ್ಟು ದೊಡ್ಡದು ಎಂದು ಒಮ್ಮೆ ಗಡಿಯಾರ ನೋಡಿ. ಒಮ್ಮೆ ತುಂಬುವುದಕ್ಕೇ ಇಷ್ಟು ಹೊತ್ತು ಬೇಕಾದವನಿಗೆ ಎರಡನೆಯ, ಮೂರನೆಯ ಸಲದ ಆರು ತೋಟೆ ಯಾವ ಲೋಕದಲ್ಲಿ ಉಪಯೋಗಕ್ಕೆ ಬರುತ್ತವೆ? ಪಿಸ್ತೂಲಿನವರ ಮಾತು ಬೇರೆ. ಗುಂಡು ತುಂಬಿದ ಡಬ್ಬಿ, ಅಂದರೆ ಮ್ಯಾಗಜಿನ್, ಕೈಕೊಟ್ಟರೆ ಅದನ್ನು ಕಿತ್ತು ಇನ್ನೊಂದು ಹಾಕಬೇಕು, ಹಾಗಾಗಿ ಅವರಿಗೆ ಎರಡನೆಯ ಮ್ಯಾಗಜಿನ್ ಒಂಥರಾ ಸ್ಟೆಪ್ನಿ ಟಯರಿದ್ದ ಹಾಗೆ. ರಿವಾಲ್ವರಿನಲ್ಲಿ ಒಂದು ತೋಟೆ ಸಿಡಿಯದಿದ್ದರೆ ಟ್ರಿಗರ್ ಮತ್ತೆ ಎಳೆಯಿರಿ, ಮುಂದಿನ ಮನೆ ಬರುತ್ತದೆ. ಇಲ್ಲಿ ಹೆಚ್ಚುವರಿ ಬೇಕಾಗುವುದು ಮೊದಲ ಆರು ಮುಗಿದರೆ ಮಾತ್ರ. ಮತ್ತೆ ಇದು ಮುಂಬೈ. ಗುರಿ ತಪ್ಪಿದ ಗುಂಡು ಗದ್ದೆಯ ಮಣ್ಣಿಗೆ ಹೋಗುವುದಿಲ್ಲ. ಯಾರದೋ ಚಾಳಿನ ಕಿಟಕಿಗೆ, ಫುಟ್‌ಪಾತಿನಲ್ಲಿ ಮಲಗಿದವನಿಗೆ ಹೋಗುತ್ತದೆ. ಆರು ಗುಂಡಿಗೂ ಕೋರ್ಟಿನಲ್ಲಿ ಉತ್ತರ ಕೊಡಬೇಕಾದವನು ನಾನೇ.

ಹೀಗೆ ಮೈಮೇಲೆ ಆರಕ್ಕೆ ಇಳಿಸಿದೆ. ಬ್ಯಾಗಿನ ಆರನ್ನು ಮಾತ್ರ, ಇರಲಿ ಮಾರಾಯ ಎಂದು ಬಿಟ್ಟೆ. ಆ 'ಇರಲಿ' ಮುಂದೆ ಎಲ್ಲಿಗೆ ಮುಟ್ಟಿಸಿತು ಹೇಳುತ್ತೇನೆ.

ನಡುವೆ 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಕುರ್ಲಾದಿಂದ ಅಂಧೇರಿಗೆ ಎದೆಮಟ್ಟದ ನೀರಿನಲ್ಲಿ, ಸೊಂಟದಲ್ಲಿ ರಿವಾಲ್ವರ್ ಸಮೇತ, ರಾತ್ರಿಯಿಡೀ ನಡೆದೆ. ಮರುವಾರ ರೇಂಜಿಗೆ ಹೋಗಿ ನೆನೆದ ಹನ್ನೆರಡನ್ನೂ ಹೊಡೆದು ನೋಡಿದರೆ ಹನ್ನೊಂದು ಸಿಡಿದವು. ಪುಣೆಯ ಖಡ್ಕಿ ಕಾರ್ಖಾನೆಯ ಮಾಲು, 1869ರಿಂದ ಮದ್ದುಗುಂಡು ಮಾಡುವವರು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಚರ್ಮದ್ದು. ಹದ ಮಾಡಿದ ಚರ್ಮಕ್ಕೂ ಹಿತ್ತಾಳೆಗೂ ಆಗಿಬರುವುದಿಲ್ಲ. ಅದರ ಮೇಲೆ ನಮ್ಮ ಬೆವರು, ಈ ಸಮುದ್ರದ ಗಾಳಿ. ತೋಟೆಯ ಮೈಗೆ ಹಸಿರು ಕಿಲುಬು ಹಿಡಿದು ಗೂಡಿಗೇ ಅಂಟಿಕೊಂಡಿತ್ತು. ಹಾಗೆ ಅಂಟಿದ ತೋಟೆ ಸಿಲಿಂಡರಿನ ಮನೆಗೂ ಸಲೀಸಾಗಿ ಇಳಿಯುವುದಿಲ್ಲ. ಅದೇ ಅಂಗಡಿಯಲ್ಲಿ ದಪ್ಪ ಕ್ಯಾನ್ವಾಸಿನ ಪೌಚು ಹೊಲಿಸಿಕೊಂಡೆ. ಎಣ್ಣೆ ಹಾಕಿ ಒರೆಸಬೇಡಿ, ಅದು ತೋಟೆಯ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪಿನೊಳಗೆ ಇಳಿದರೆ ತೋಟೆ ಕೆಡುತ್ತದೆ. ಒಣಬಟ್ಟೆ ಸಾಕು. ವರ್ಷಕ್ಕೊಮ್ಮೆ ಹೊತ್ತು ತಿರುಗಿದ ಹನ್ನೆರಡನ್ನು ರೇಂಜಿನಲ್ಲಿ ಖರ್ಚು ಮಾಡಿ, ಹೊಸತು ತುಂಬಿಕೊಳ್ಳುತ್ತೇನೆ.

2009ರ ಲೋಕಸಭಾ ಚುನಾವಣೆಗೆ ಎಲ್ಲರ ಹಾಗೆ ನಾನೂ ರಿವಾಲ್ವರ್, ತೋಟೆ ಠಾಣೆಯಲ್ಲಿ ಜಮಾ ಮಾಡಲು ಹೋದೆ. ಹವಾಲ್ದಾರರು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಎಣಿಸಿದರು. ಪುಸ್ತಕದ ಲೆಕ್ಕಕ್ಕೆ ಒಂದು ಕಡಿಮೆ. ಮತ್ತೆ ಎಣಿಸಿದರು. ಮತ್ತೆ ಒಂದು ಕಡಿಮೆ. "ಶೇಠ್, ಏಕ್ ಕುಠೆ ಗೇಲಿ?" ಹತ್ತು ಗ್ರಾಂ ತೂಗುವ, ಬೆರಳಿನ ಒಂದು ಗೆಣ್ಣಿಗಿಂತ ತುಸು ಉದ್ದದ ಆ ಒಂದು ತೋಟೆಗಾಗಿ ಮನೆ, ಹೋಟೆಲು, ಕಾರಿನ ಸೀಟು ಎಲ್ಲ ಕಿತ್ತು ನೋಡಿದೆ. ಸಿಗಲಿಲ್ಲ. ಕಳೆದುಹೋಗಿದೆ ಎಂದು ಲಿಖಿತ ದೂರು ಕೊಟ್ಟೆ. ಆ ವರ್ಷ ನವೀಕರಣಕ್ಕೆ ಅಲೆದದ್ದನ್ನು ಬರೆಯಲು ಹೊರಟರೆ ಅದೇ ಒಂದು ಪುರಾಣ.

ಸಿಕ್ಕಿದ್ದು 2011ರಲ್ಲಿ, ವಿಮಾನ ನಿಲ್ದಾಣದಲ್ಲಿ. ಊರಿನ ಕೋಲಕ್ಕೆ ಹೊರಟಿದ್ದೆ. ಹಳೆಯ ಗಲ್ಲೆ ಬ್ಯಾಗಿಗೆ ಎರಡು ಜೊತೆ ಬಟ್ಟೆ ತುರುಕಿದ್ದೆ. ಎಕ್ಸ್‌ರೇ ಯಂತ್ರದ ಮುಂದೆ ಕೂತವನು ಬ್ಯಾಗನ್ನು ಹಿಂದಕ್ಕೆ, ಮುಂದಕ್ಕೆ ಮೂರು ಸಲ ಓಡಿಸಿದ. ಅಸ್ತರು ಹರಿದ ಮೂಲೆಯಲ್ಲಿ, ಹೊಲಿಗೆಯ ಒಳಗೆ, ಮಹಾಶಯ ಮಲಗಿದ್ದ. ಕಿಸೆಗೆ ಕೈ ಹಾಕದೆ ಸುಮ್ಮನೆ ನಿಂತೆ. ವಿಮಾನ ಹೋಯಿತು. ಸಂಜೆವರೆಗೆ ಠಾಣೆಯ ಬೆಂಚಿನಲ್ಲಿ ಕೂತೆ. ಗೊತ್ತಿಲ್ಲದೆ ಬಳಿಯಲ್ಲಿದ್ದರೆ ಅದು ಕಾನೂನಿನ ಅರ್ಥದಲ್ಲಿ 'ಸ್ವಾಧೀನ' ಆಗುವುದಿಲ್ಲ, ಅರಿವು ಇರಬೇಕು ಎಂದು 1994ರಲ್ಲೇ ಸುಪ್ರೀಂ ಕೋರ್ಟು ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಒಂದು ಪ್ರಕರಣದಲ್ಲಿ ಹೇಳಿದೆ ಎಂದು ವಕೀಲರು ಧೈರ್ಯ ಹೇಳಿದರು. ಆದರೆ ನನ್ನನ್ನು ಆ ದಿನ ಮನೆಗೆ ಕಳಿಸಿದ್ದು 2009ರ ದೂರಿನ ಪ್ರತಿ. ಪುಣ್ಯಕ್ಕೆ ಅದನ್ನೂ ಲೈಸೆನ್ಸಿನ ಜೆರಾಕ್ಸನ್ನೂ ಪರ್ಸಿನಲ್ಲಿ ಮಡಚಿಟ್ಟುಕೊಂಡಿದ್ದೆ.

ಅಲ್ಲಿಂದ ಈಚೆಗೆ ನನ್ನ ಲೆಕ್ಕ ಗಟ್ಟಿ. ಆರು ಒಳಗೆ, ಆರು ಪೌಚಿನಲ್ಲಿ, ಉಳಿದದ್ದು ಬೀಗದೊಳಗೆ. ಬ್ಯಾಗಿಗಿಲ್ಲ, ಕಾರಿನ ಡ್ಯಾಶ್‌ಬೋರ್ಡಿಗಿಲ್ಲ, ಗಲ್ಲೆಯ ಡ್ರಾವರಿಗಿಲ್ಲ. ಕೆಲವರು ಕುದುರೆಯ, ಅಂದರೆ ತೋಟೆಗೆ ಬಡಿಯುವ ಸುತ್ತಿಗೆಯ, ಕೆಳಗಿನ ಮನೆ ಖಾಲಿ ಬಿಟ್ಟು ಐದೇ ತುಂಬುತ್ತಾರೆ, ಅದು ಅವರ ಹಳೆಯ ರೂಢಿ, ನಾನು ಬೇಡ ಅನ್ನುವುದಿಲ್ಲ. ಪೌಚೇ ಬೇಡ, ಒಳಗಿನ ಆರು ಧಾರಾಳ ಅನ್ನುವ ಗೆಳೆಯರೂ ಇದ್ದಾರೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ಇಷ್ಟು ವರ್ಷದಲ್ಲಿ ನನಗೆ ಒಂದು ಸಂದರ್ಭವೂ ಸಿಕ್ಕಿಲ್ಲ. ರೇಂಜಿನ ಹೊರಗೆ ನಾನು ಒಂದು ಗುಂಡನ್ನೂ ಹಾರಿಸಿಲ್ಲ. ಆದರೂ ಆ ಆರು ಬೆಲ್ಟಿನಲ್ಲಿ ಇಲ್ಲದ ದಿನ ಕನ್ನಡಕ ಮರೆತು ಬಂದ ಹಾಗಾಗುತ್ತದೆ.

ಈಗ ಹೊತ್ತುಕೊಳ್ಳುವ ದಿನಗಳೇ ಕಡಿಮೆ. ನೋಟು ರದ್ದತಿಯ ನಂತರ, ಅದಕ್ಕಿಂತ ಹೆಚ್ಚಾಗಿ ಕ್ಯೂಆರ್ ಬಂದ ನಂತರ, ರಾತ್ರಿ ಗಲ್ಲೆಯಲ್ಲಿ ಕಾಯುವಂಥದ್ದು ಏನೂ ಇರುವುದಿಲ್ಲ. ಹೊರಗೆ ಹೋಗಿ ಬಂದ ದಿನ ಮಾತ್ರ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಹನ್ನೆರಡನ್ನೂ ನಿಲ್ಲಿಸುತ್ತೇನೆ. ಹೆಂಡತಿ ಅಡುಗೆಮನೆಯಿಂದಲೇ "ಎಷ್ಟು?" ಎಂದು ಕೇಳುತ್ತಾಳೆ, "ಹನ್ನೆರಡು" ಎನ್ನುತ್ತೇನೆ, ಬೀಗ ಹಾಕುತ್ತೇನೆ. ಕ್ಯಾನ್ವಾಸ್ ಪೌಚಿನ ಮಧ್ಯದ ಗೂಡಿನ ಹೊಲಿಗೆ ಈಚೆಗೆ ಬಿಟ್ಟಿದೆ. ಧಾರಾವಿಯ ಆ ಅಂಗಡಿ ಇನ್ನೂ ಇದೆಯೋ ಹೋಗಿ ನೋಡಬೇಕು.