ಮಲಾವಿಯ ಹಸಿವಿನ ತಿಂಗಳುಗಳಲ್ಲಿ ಮಗುವಿನ ತೋಳು ಅಳೆಯುವ ಬಗೆ

ಮಲಾವಿಯಲ್ಲಿ ಮೆಕ್ಕೆಜೋಳ ಕೊಯ್ಲಿಗೆ ಬರುವುದು ಏಪ್ರಿಲ್ ಹೊತ್ತಿಗೆ. ಬಡವರ ಕಣಜ ಡಿಸೆಂಬರ್‌ಗೆ ಬರಿದಾದರೆ ಮಾರ್ಚ್‌ವರೆಗೆ ಕೊಂಡೇ ತಿನ್ನಬೇಕು, ಅದೂ ದರ ಏರಿದ ಹೊತ್ತಿನಲ್ಲಿ. ಮಳೆಯ ಜೊತೆ ಮಲೇರಿಯಾ, ಭೇದಿ ಬರುವುದೂ ಆಗಲೇ. ಹಾಗಾಗಿ ಮಕ್ಕಳ ಅಪೌಷ್ಟಿಕತೆ ಗುರುತಿಸುವ ತೋಳಿನ ಅಳತೆಯನ್ನು ನವೆಂಬರ್‌ನಲ್ಲೇ ಶುರು ಮಾಡಿ. ಕೆಂಪು, ಹಳದಿ, ಹಸಿರು ಬಣ್ಣದ ಅಳತೆ ಪಟ್ಟಿಯನ್ನು ತಾಯಂದಿರ ಕೈಗೇ ಕೊಡುವುದು ಒಳ್ಳೆಯದು. ಆರೋಗ್ಯ ಕಾರ್ಯಕರ್ತರು ಬರುವವರೆಗೆ ಕಾಯಬೇಕಿಲ್ಲ.

ಈ ಅಳತೆ 6ರಿಂದ 59 ತಿಂಗಳ ಮಕ್ಕಳಿಗೆ. ಅಂಗಿಯ ತೋಳು ಮಡಚಿದರೆ ಸಾಲದು, ಪೂರ್ತಿ ತೆಗೆಯಿರಿ. ಎಡಗೈಯನ್ನು ಮೊಣಕೈಯಲ್ಲಿ ಮಡಚಿ, ಭುಜದ ಮೂಳೆಯ ತುದಿಗೂ ಮೊಣಕೈ ತುದಿಗೂ ಸರಿಯಾಗಿ ನಡುವೆ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಗುರುತಿನ ಮೇಲೆ ಪಟ್ಟಿ ಸುತ್ತಿ. ಚರ್ಮ ಒತ್ತಿಕೊಂಡರೆ ಬಿಗಿ ಹೆಚ್ಚಾಯಿತು, ಸಂದು ಕಂಡರೆ ಸಡಿಲವಾಯಿತು. ಅಳುತ್ತ ಕೈ ಬಿಗಿಹಿಡಿದ ಮಗುವಿನ ಅಳತೆ ನಂಬುವಂಥದ್ದಲ್ಲ. ಸಮಾಧಾನಪಡಿಸಿ ಮತ್ತೆ ಅಳೆಯಿರಿ. 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 115ರಿಂದ 125ರ ಒಳಗೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. 125 ಮತ್ತು ಮೇಲೆ ಹಸಿರು.

ಹಸಿರು ಕಂಡ ಕೂಡಲೇ ಮಗುವನ್ನು ಇಳಿಸಬೇಡಿ. ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದರೆ ಅದು ನೀರು ತುಂಬಿದ ಊತ; ತೋಳು ಎಷ್ಟೇ ಇರಲಿ, ತೀವ್ರ ಅಪೌಷ್ಟಿಕತೆಯೇ. ಕೆನ್ನೆ ತುಂಬಿದ ಇಂಥ ಮಕ್ಕಳನ್ನು ‘ದುಂಡಗಿದೆ’ ಎಂದು ಬಿಟ್ಟುಬಿಡುತ್ತಾರೆ. ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇದೇ.

ಕೆಂಪು ಅಥವಾ ಊತವಿದ್ದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ಮೊದಲು ಹಸಿವಿನ ಪರೀಕ್ಷೆ: ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿದ ಚಿಕಿತ್ಸಾ ಪೇಸ್ಟನ್ನು ಕೊಟ್ಟು, ಕುಡಿಯಲು ನೀರಿಟ್ಟು ನೋಡುತ್ತಾರೆ. ಮಗು ಒಲ್ಲೆ ಎಂದರೆ, ತಿಂದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಮಂಕಾಗಿ ಬಿದ್ದಿದ್ದರೆ ಒಳರೋಗಿಯಾಗಿ ಸೇರಿಸಲೇಬೇಕು. ತಿಂದು ಚುರುಕಾಗಿದ್ದರೆ ಮನೆಯಲ್ಲೇ ಚಿಕಿತ್ಸೆ. 92 ಗ್ರಾಂ ಪೊಟ್ಟಣದಲ್ಲಿ 500 ಕಿಲೋಕ್ಯಾಲೊರಿ ಇರುತ್ತದೆ. 5 ಕಿಲೋ ಮಗುವಿಗೆ ದಿನಕ್ಕೆ ಸುಮಾರು ಎರಡು. ಖಚಿತ ಲೆಕ್ಕ ಕೇಂದ್ರದ ತೂಕದ ಪಟ್ಟಿಯದ್ದು. ಆರು ತಿಂಗಳ ಒಳಗಿನ ಕೂಸಿಗೆ ಈ ಪೇಸ್ಟ್ ಬೇಡ.

ಕೈ ತೊಳೆದು, ಪೊಟ್ಟಣವನ್ನು ಹಿಚುಕಿ ಮೆತ್ತಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನಿಸಿ. ಎದೆಹಾಲು ಮೊದಲು, ಪೇಸ್ಟ್ ಆಮೇಲೆ. ಗಂಜಿಗೆ ಕಲಸಬೇಡಿ, ಗಂಜಿ ಉಳಿದರೆ ಔಷಧಿಯೂ ಉಳಿದಂತೆ. ತೂಕ ಏರದಿದ್ದರೆ ತಾಯಿಯನ್ನು ಗದರಬೇಡಿ, ಮನೆಯಲ್ಲಿ ಇನ್ನೆಷ್ಟು ಮಕ್ಕಳು ಹಸಿದಿದ್ದಾರೆ ಎಂದು ಕೇಳಿ. ಅಣ್ಣನೂ ಹಸಿದಿದ್ದರೆ ಪೊಟ್ಟಣ ಹಂಚಿಹೋಗುವುದೇ ಸಹಜ. ಇಡೀ ಮನೆಗೆ ಪಡಿತರ ಸಿಗುವ ದಾರಿ ನೋಡಿ.

ಸತತ ಎರಡು ಭೇಟಿಗಳಲ್ಲಿ ತೋಳಿನ ಅಳತೆ 125 ಅಥವಾ ಹೆಚ್ಚಿದ್ದು, ಊತವೂ ಇಲ್ಲದಿದ್ದರೆ ಚಿಕಿತ್ಸೆ ನಿಲ್ಲಿಸಬಹುದು. ಮುಂದೆ ಲಿಕುನಿ ಫಾಲಾ: ನಾಲ್ಕು ಪಾಲು ಮೆಕ್ಕೆಜೋಳಕ್ಕೆ ಒಂದು ಪಾಲು ಸೋಯಾ ಸೇರಿಸಿದ ಹಿಟ್ಟಿನ ಗಂಜಿ. ಸೋಯಾವನ್ನು ಹುರಿಯದೆ ಬೀಸಿದರೆ ಅದರ ಪ್ರೋಟೀನ್ ಸರಿಯಾಗಿ ಜೀರ್ಣವಾಗದು. ಗಂಜಿ ಚಮಚದಿಂದ ನೀರಿನಂತೆ ಸುರಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಗಟ್ಟಿಯಾಗಿ ಕಾಸಿ, ಇಳಿಸುವ ಮುನ್ನ ಕಡಲೆಕಾಯಿ ಪುಡಿ ಹಾಕಿ.