ಟೆಕ್ಸಸ್‌ನ ಹಿಮಗಾಳಿ ಮತ್ತು ನಮ್ಮ ಮನೆಯ ನೀರಿನ ಕೊಳವೆಗಳು

ಡಲ್ಲಾಸ್ ಸುತ್ತಮುತ್ತಲಿನ ಮನೆಗಳನ್ನು ಬೇಸಿಗೆಯ ಸೆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ವಾರಗಟ್ಟಲೆ ಹೆಪ್ಪುಗಟ್ಟಿಸುವ ಚಳಿ ಇಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಹೆಚ್ಚಿನ ಮನೆಗಳಿಗೆ ನೆಲಮಾಳಿಗೆಯಿಲ್ಲ. ನೀರಿನ ಕೊಳವೆಗಳು ಅನೇಕ ಕಡೆ ಅಟ್ಟದ ಮೇಲೆ ಹಾದುಹೋಗುತ್ತವೆ, ಮತ್ತು ಶಾಖ ತಡೆಯುವ ಹತ್ತಿಯಂಥ ಹಾಸು ಆ ಕೊಳವೆಗಳ ಕೆಳಗಿದ್ದರೆ ಮನೆಯೊಳಗಿನ ಬೆಚ್ಚನೆಯ ಗಾಳಿ ಅವುಗಳನ್ನು ತಲುಪುವುದೇ ಇಲ್ಲ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಕೊಳವೆಗಳು ಹೆಪ್ಪುಗಟ್ಟಿ ಒಡೆದು, ಅಷ್ಟೊಂದು ಮನೆಗಳ ಒಳಛಾವಣಿ ಕುಸಿದು ಬೀಳಲು ಇದೊಂದು ಮುಖ್ಯ ಕಾರಣ. ಆ ವಾರ ನಮ್ಮ ಮನೆಯಲ್ಲಿ ಏನೇನು ಮಾಡಿದೆವು, ಏಕೆ ಮಾಡಿದೆವು ಎಂಬುದನ್ನು, ಈ ಪ್ರದೇಶಕ್ಕೆ ಹೊಸದಾಗಿ ಬರುತ್ತಿರುವ ಕನ್ನಡಿಗ ಕುಟುಂಬಗಳಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಫೆಬ್ರವರಿ 15ರ ನಸುಕಿನಲ್ಲಿ ವಿದ್ಯುತ್ ಹೋಯಿತು. ಸರದಿಯ ಮೇಲೆ ಸ್ವಲ್ಪ ಹೊತ್ತು ಮಾತ್ರ ಕಡಿತವಿರುತ್ತದೆ ಎಂಬ ಪ್ರಕಟಣೆ ಬಂದಿತ್ತು. ಊರಿನ ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಅದು ಹೊಸದೂ ಅಲ್ಲ. ಆದರೆ ಬೇಡಿಕೆಗೂ ಉತ್ಪಾದನೆಗೂ ನಡುವಿನ ಅಂತರ ಎಷ್ಟು ದೊಡ್ಡದಾಗಿತ್ತೆಂದರೆ, ಆಸ್ಪತ್ರೆಯಂಥ ಅಗತ್ಯ ಸೇವೆಗಳಿರುವ ವಿದ್ಯುತ್ ಮಾರ್ಗಗಳನ್ನು ಬಿಟ್ಟು ಉಳಿದವನ್ನೆಲ್ಲ ಕತ್ತರಿಸಿದ ಮೇಲೆ ಸರದಿ ಬದಲಾಯಿಸಲು ಮಾರ್ಗಗಳೇ ಉಳಿಯಲಿಲ್ಲ. ಬೆಳಗಾದರೂ ವಿದ್ಯುತ್ ಬರಲಿಲ್ಲ. ಮರುದಿನ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ತಾಪಮಾನ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು.

ಇಲ್ಲಿ ಎಲ್ಲರೂ ಕೊಡುವ ಸಲಹೆಯೆಂದರೆ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಬೇಕು ಎಂಬುದು. ಸಲಹೆ ಸರಿಯಾದುದೇ, ಆದರೆ ಅದರ ಕಾರಣ ಅರಿತಿರಬೇಕು. ನೀರು ಹೆಪ್ಪುಗಟ್ಟುವಾಗ ಸುಮಾರು 9 ಪ್ರತಿಶತ ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿನ ಒತ್ತಡ ಏರುತ್ತಾ ಹೋಗಿ ಕೊಳವೆ ಸೀಳುತ್ತದೆ. ನಲ್ಲಿ ಒಂದಿಷ್ಟು ತೆರೆದಿದ್ದರೆ ಆ ಒತ್ತಡಕ್ಕೆ ಹೊರದಾರಿ ಸಿಗುತ್ತದೆ. ಮನೆಯೊಳಗೆ ಬಿಸಿಯಿರುವವರೆಗೆ ಇದು ಸಾಕು. ವಿದ್ಯುತ್ ಹೋಗಿ, ಮನೆಯ ಒಳಗಿನ ತಾಪಮಾನವೇ 5 ಡಿಗ್ರಿಯತ್ತ ಇಳಿಯುತ್ತಿರುವಾಗ, ಬೀದಿಯ ನೀರಿನ ಒತ್ತಡವೂ ಕುಸಿಯುತ್ತಿರುವಾಗ, ತೊಟ್ಟಿಕ್ಕುವ ನೀರನ್ನು ನಂಬುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಮುಖ್ಯ ವಾಲ್ವ್ ಮುಚ್ಚಿ ಕೊಳವೆಗಳನ್ನು ಬರಿದು ಮಾಡಬೇಕು.

ನಾವು ಅದನ್ನೇ ಮಾಡಿದೆವು. ಮೊದಲು ಸ್ನಾನದ ತೊಟ್ಟಿಯನ್ನೂ ಅಡುಗೆಮನೆಯ ದೊಡ್ಡ ಪಾತ್ರೆಗಳನ್ನೂ ತುಂಬಿಕೊಂಡೆವು. ಬೀದಿಯಂಚಿನಲ್ಲಿ ನೆಲದೊಳಗೆ ಹುದುಗಿರುವ ಮೀಟರ್ ಪೆಟ್ಟಿಗೆಯ ಮುಚ್ಚಳ ತೆಗೆದು, ಅದಕ್ಕೆಂದೇ ಇರುವ ಉದ್ದ ಹಿಡಿಯ ಕೀಲಿಯಿಂದ ವಾಲ್ವ್ ತಿರುಗಿಸಿದೆ. ಆಮೇಲೆ ಮಹಡಿಯ ನಲ್ಲಿಗಳನ್ನು, ಕೆಳಗಿನ ನಲ್ಲಿಗಳನ್ನು, ಕೊನೆಗೆ ಅಂಗಳದ ನಲ್ಲಿಯನ್ನು ತೆರೆದಿಟ್ಟೆವು. ಮೇಲಿನಿಂದ ಗಾಳಿ ಒಳಸೇರಿದರಷ್ಟೇ ಕೆಳಗಿನಿಂದ ನೀರು ಪೂರ್ತಿ ಇಳಿಯುತ್ತದೆ. ನೀರು ಕಾಯಿಸುವ ಟ್ಯಾಂಕಿನ ವಿಷಯದಲ್ಲಿ ಎಚ್ಚರ ಬೇಕು: ಅದು ವಿದ್ಯುತ್ತಿನದಾದರೆ ಅದರ ಬ್ರೇಕರ್ ಆರಿಸಿಯೇ ಮುಂದುವರಿಯಬೇಕು, ಇಲ್ಲವಾದರೆ ಟ್ಯಾಂಕಿನಲ್ಲಿ ನೀರಿಲ್ಲದಾಗ ವಿದ್ಯುತ್ ಮರಳಿದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ.

ಇಡೀ ಮನೆಯನ್ನು ಬೆಚ್ಚಗಿಡುವ ಆಸೆ ಬಿಟ್ಟು, ದಕ್ಷಿಣಕ್ಕೆ ಕಿಟಕಿಯಿರುವ ಒಂದೇ ಕೋಣೆಯಲ್ಲಿ ಎಲ್ಲರೂ ಮಲಗಿದೆವು. ಬಾಗಿಲಿಗೆ ಕಂಬಳಿ ತೂಗುಹಾಕಿ, ರಾತ್ರಿ ಕಿಟಕಿಗೆ ಹಾಸಿಗೆಯನ್ನು ಒರಗಿಸಿಟ್ಟೆವು. ನಮ್ಮ ಜೊತೆಗಿದ್ದ ಅತ್ತೆಯವರು ಒಂದಿಷ್ಟು ಇದ್ದಿಲ ಕೆಂಡವನ್ನಾದರೂ ಒಳಗೆ ತರಬಾರದೇ ಎಂದು ಕೇಳಿದರು. ಊರಿನ ಹೆಂಚಿನ ಮನೆಯಲ್ಲಿ ಹೊಗೆ ಸಂದುಗಳಿಂದ ಹೊರಹೋಗುತ್ತದೆ, ಇಲ್ಲಿಯ ಮನೆ ಎಲ್ಲ ಕಡೆಯಿಂದ ಮುಚ್ಚಿಕೊಂಡಿರುತ್ತದೆ, ಇದ್ದಿಲು ಉರಿಯುವಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ ಎಂದು ಅವರಿಗೆ ವಿವರಿಸಿದೆ. ಆ ವಾರ ಟೆಕ್ಸಸ್‌ನಲ್ಲಿ ಇದ್ದಿಲ ಒಲೆಯನ್ನು ಮನೆಯೊಳಗೆ ತಂದು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಪ್ರಾಣ ಕಳೆದುಕೊಂಡವರಿದ್ದಾರೆ. ಈ ಒಂದು ವಿಷಯದಲ್ಲಿ ಹಿರಿಯರ ಮಾತಿಗೂ ಮಣಿಯಬಾರದು. ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿ ಗೀರಿ ಹೊತ್ತಿಸಿ ಅಡುಗೆಗೆ ಮಾತ್ರ ಬಳಸಿದೆವು, ಕೋಣೆ ಕಾಯಿಸಲು ಬಳಸಲಿಲ್ಲ. ಶೌಚಾಲಯಕ್ಕೆ ತೊಟ್ಟಿಯ ನೀರು ಆಯಿತು. ಹಿಮ ಕರಗಿಸಿಯೂ ನೋಡಿದೆವು. ಬಕೆಟ್ ತುಂಬ ಹಿಮಕ್ಕೆ ತಳದಲ್ಲಿ ಸ್ವಲ್ಪವೇ ನೀರು ಸಿಗುವುದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ನಿಜವಾದ ಅಪಾಯ ಚಳಿ ಇಳಿದ ಮೇಲೆ ಬರುತ್ತದೆ. ಸೀಳಿದ ಕೊಳವೆಯನ್ನು ಮಂಜುಗಡ್ಡೆಯೇ ಮುಚ್ಚಿಕೊಂಡಿರುತ್ತದೆ. ಅದು ಕರಗಿದ ಕ್ಷಣದಿಂದ ನೀರು ಸುರಿಯತೊಡಗುತ್ತದೆ. ವಿದ್ಯುತ್ ಬಂತೆಂದು ಸಂತೋಷಪಟ್ಟ ಎಷ್ಟೋ ಮನೆಗಳಲ್ಲಿ ಛಾವಣಿ ಬಿದ್ದದ್ದು ಆಗಲೇ. ಹಾಗಾಗಿ ಮನೆ ಪೂರ್ತಿ ಬೆಚ್ಚಗಾಗುವವರೆಗೆ ನಾವು ಮುಖ್ಯ ವಾಲ್ವ್ ಮುಟ್ಟಲಿಲ್ಲ. ಆಮೇಲೆ ನಾನು ಮೀಟರ್ ಪೆಟ್ಟಿಗೆಯ ಬಳಿ, ಹೆಂಡತಿ ಟಾರ್ಚ್ ಹಿಡಿದು ಅಟ್ಟದ ಏಣಿಯ ಮೇಲೆ, ಫೋನಿನಲ್ಲಿ ಮಾತಾಡುತ್ತಾ ವಾಲ್ವನ್ನು ಸ್ವಲ್ಪಸ್ವಲ್ಪವೇ ತೆರೆದೆವು. ಗ್ಯಾರೇಜಿನ ಮೇಲಿನ ತಾಮ್ರದ ಕೊಳವೆಯ ತಿರುವಿನಲ್ಲಿ, ತಗ್ಗಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಬೆರಳುದ್ದದ ಸೀಳು ಬಿಟ್ಟಿತ್ತು. ಅವಳು "ನಿಲ್ಲಿಸಿ" ಎಂದೊಡನೆ ಮುಚ್ಚಿದ್ದರಿಂದ ಹಾಸಿನ ಒಂದು ಮೂಲೆಯಷ್ಟೇ ನೆನೆಯಿತು. ಒದ್ದೆಯಾದ ಹಾಸನ್ನೂ ಅದರ ಕೆಳಗಿನ ಜಿಪ್ಸಂ ಹಲಗೆಯ ತುಂಡನ್ನೂ ಅಂದೇ ತೆಗೆದುಹಾಕಿ ಫ್ಯಾನ್ ಇಟ್ಟೆವು, ಏಕೆಂದರೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ತೆಗೆಯುವ ಮೊದಲು ಎಲ್ಲವನ್ನೂ ಫೋಟೋ ತೆಗೆದು, ಸೀಳಿದ ಕೊಳವೆಯ ತುಂಡನ್ನು ವಿಮೆಯವರಿಗಾಗಿ ಎತ್ತಿಟ್ಟೆವು.

ಪ್ಲಂಬರ್‌ಗಳು ಆಗ ಸುಲಭವಾಗಿ ಸಿಗುತ್ತಿರಲಿಲ್ಲ. ಕಾಯುವ ಕಾಲದಲ್ಲಿ, ಪಕ್ಕದ ಮನೆಯವರು ಕೊಟ್ಟ ಒತ್ತಿ ಕೂರಿಸುವ ಜೋಡಣೆಯಿಂದ ಕೊಳವೆಯನ್ನು ತಾತ್ಕಾಲಿಕವಾಗಿ ಸರಿಪಡಿಸಿಕೊಂಡೆವು. ಅದಕ್ಕೆ ಬೆಸುಗೆ ಬೇಕಿಲ್ಲ. ಮುಂದೆ ಆ ಭಾಗಕ್ಕೆ, ನೀರು ಹೆಪ್ಪುಗಟ್ಟಿ ಹಿಗ್ಗುವುದನ್ನು ತಕ್ಕಮಟ್ಟಿಗೆ ತಾಳಬಲ್ಲ ಪೆಕ್ಸ್ ಪ್ಲಾಸ್ಟಿಕ್ ಕೊಳವೆ ಹಾಕಿಸಿ, ಶಾಖನಿರೋಧಕ ಹಾಸನ್ನು ಕೊಳವೆಯ ಮೇಲೆ ಬರುವಂತೆ ಹೊದಿಸಿದೆವು. 2022ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಮುಂಚೆ, ಮತ್ತೊಮ್ಮೆ ಕಡುಚಳಿ ಬಂದಾಗ ನಮ್ಮಲ್ಲಿ ವಿದ್ಯುತ್ ಹೋಗಲಿಲ್ಲ. ಆ ಸಲ ನಲ್ಲಿಗಳನ್ನು ತೊಟ್ಟಿಕ್ಕಲು ಬಿಟ್ಟದ್ದೇ ಸಾಕಾಯಿತು.