ಉಡುಪಿಯ ಸೆಕೆಗೆ ಒಂದು ಹತ್ತಿ ಹೊದಿಕೆ

ಉಡುಪಿಯಲ್ಲಿ ಹುಟ್ಟುವ ಮಗುವಿಗೆ ಉಲ್ಲನ್ ಬೇಡ. ತಂಗಿಯ ಮಗುವಿಗೆ ಹೊದಿಕೆ ಹೆಣೆಯಲು ಹೊರಟಾಗ ನಾನು ಮೊದಲು ತೀರ್ಮಾನ ಮಾಡಿದ್ದು ಇದನ್ನೇ. ಇಲ್ಲಿನ ಸೆಕೆ ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಅಂಗಡಿಯಲ್ಲಿ ಬೇಬಿ ಉಲ್ಲನ್ ಅಂತ ಕೊಡುವುದು ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ಅದು ಮುಟ್ಟಲು ಮೆತ್ತಗಿರುತ್ತದೆ, ಬೇಗ ಒಣಗುತ್ತದೆ. ಆದರೆ ಬೆವರು ಹೀರುವುದಿಲ್ಲ. ನಮ್ಮ ಕಡೆ ಮಗುವನ್ನು ಸುತ್ತುವುದು ತೊಳೆದು ತೊಳೆದು ಮೆತ್ತಗಾದ ಹಳೆ ಹತ್ತಿ ಸೀರೆಯಲ್ಲಿ. ಅಮ್ಮನ ಹಳೆಯ ಉಡುಪಿ ಸೀರೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ನೂಲು ಆರಿಸಿದೆ. ಅದರ ಪಕ್ಕ ಇಟ್ಟರೆ ಒರಟು ಅನಿಸಿದ್ದನ್ನೆಲ್ಲ ಬಿಟ್ಟೆ.

ಇಷ್ಟು ಸೆಕೆಯ ಊರಲ್ಲಿ ಹೆಣಿಗೆ ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆ ಸೂಜಿ ಕೆಲಸವೂ ಇತ್ತು. ಆಮೇಲೆ ಬಂದ ಕಾನ್ವೆಂಟ್ ಶಾಲೆಗಳಲ್ಲೂ ಇತ್ತು. ನನ್ನ ಅಮ್ಮ ಕಲಿತದ್ದು ಹಾಗೆ ಶಾಲೆಯ ಕ್ರಾಫ್ಟ್ ಕ್ಲಾಸಿನಲ್ಲಿ, ನಾನು ಕಲಿತದ್ದು ಅಮ್ಮನಿಂದ.

ಹತ್ತಿ ನೂಲಿಗೆ ಉಲ್ಲನ್‌ನ ಹಾಗೆ ಎಳೆತ ಇಲ್ಲ. ಒದ್ದೆಯಾದರೆ ಭಾರವಾಗಿ ಜೋಲುತ್ತದೆ. ಹಾಗಾಗಿ ಮೊದಲು ಅಂಗೈಯಗಲದ ಒಂದು ಮಾದರಿ ತುಂಡು ಹೆಣೆದು, ಅಳೆದು, ಒಗೆದು, ಒಣಗಿಸಿ ಮತ್ತೆ ಅಳೆಯಬೇಕು. ಈ ಕೆಲಸವನ್ನು ಬಿಡಲೇಬಾರದು ಅಂತ ನನ್ನ ಅಭಿಪ್ರಾಯ. ನೂಲು ಎಷ್ಟು ಕುಗ್ಗುತ್ತದೆ, ಬಣ್ಣ ಬಿಡುತ್ತದೆಯೇ, ಒಗೆದ ಮೇಲೆ ಮೆತ್ತಗಾಗುತ್ತದೆಯೇ ಎಲ್ಲ ಅಲ್ಲೇ ಗೊತ್ತಾಗುತ್ತದೆ. ನಾನು ತಂದದ್ದು 50 ಗ್ರಾಂನ 8 ಉಂಡೆ, ತಿಳಿ ಹಳದಿ. ಕಡ್ಡಿ 4 ಮಿ.ಮೀ., ಸರ್ಕ್ಯುಲರ್, ಅಂದರೆ ಎರಡು ಗಿಡ್ಡ ಕಡ್ಡಿಗಳನ್ನು ನಡುವೆ ಬಾಗುವ ವಯರ್ ಜೋಡಿಸಿರುವಂಥದ್ದು. ಹೊದಿಕೆಯ ಭಾರ ಮಣಿಕಟ್ಟಿಗೆ ಬೀಳದೆ ಮಡಿಲಲ್ಲೇ ಕೂರುತ್ತದೆ. ಬೆವರಿದ ಕೈಗೆ ಸ್ಟೀಲ್‌ಗಿಂತ ಬಿದಿರಿನ ಕಡ್ಡಿ ಹಿತ.

ವಿನ್ಯಾಸ ತುಂಬ ಸರಳ. ಮೂಲೆಯಿಂದ ಮೂಲೆಗೆ ಹೆಣೆಯುವುದು. ಎಲ್ಲ ಸಾಲೂ ಬರೀ ನಿಟ್, ಅಂದರೆ ಸೀದಾ ಹೆಣಿಗೆ. ಪರ್ಲ್, ಅಂದರೆ ಉಲ್ಟಾ ಹೆಣಿಗೆ, ಬೇಡವೇ ಬೇಡ. ಹೀಗೆ ಹೆಣೆದರೆ ಅಂಚು ಸುರುಳಿ ಸುತ್ತಿಕೊಳ್ಳುವುದಿಲ್ಲ, ಎರಡು ಮಗ್ಗುಲೂ ಒಂದೇ ಥರ ಕಾಣುತ್ತದೆ. 3 ಕುಣಿಕೆಯಿಂದ ಶುರು. ಪ್ರತಿ ಸಾಲಿನಲ್ಲೂ ಮೊದಲ ಕುಣಿಕೆ ಹೆಣೆದು, ಎರಡನೆಯದರಲ್ಲಿ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಹೆಣೆದು ಎರಡು ಮಾಡಬೇಕು. ಉಳಿದದ್ದು ಸೀದಾ. ಸಾಲಿಗೊಂದು ಕುಣಿಕೆ ಹೆಚ್ಚುತ್ತಾ ತ್ರಿಕೋನ ಬೆಳೆಯುತ್ತದೆ. ಕೆಲವರು ಇಲ್ಲಿ ನೂಲನ್ನು ಕಡ್ಡಿಗೆ ಸುತ್ತಿ ಕುಣಿಕೆ ಹೆಚ್ಚಿಸುತ್ತಾರೆ. ಅಂಚಿನುದ್ದಕ್ಕೂ ತೂತಿನ ಸಾಲು ಬಂದು ಚಂದ ಕಾಣುತ್ತದೆ, ಆದರೆ ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಅದಕ್ಕೇ ನಾನು ತೂತು ಬಾರದ ಈ ವಿಧಾನ ಹಿಡಿದೆ. ಕುಚ್ಚು, ಗುಂಡಿ, ರಿಬ್ಬನ್ ಏನೂ ಹಾಕಲಿಲ್ಲ.

ಎಲ್ಲಿಂದ ಕುಣಿಕೆ ಕಡಿಮೆ ಮಾಡಬೇಕು? ಅದನ್ನು ಅಡುಗೆಮನೆಯ ತಕ್ಕಡಿ ಹೇಳುತ್ತದೆ. 400 ಗ್ರಾಂನಲ್ಲಿ 180 ಗ್ರಾಂ ಮುಗಿದಾಗ ನಾನು ತಿರುಗಿದೆ. ಅಲ್ಲಿಂದ ಪ್ರತಿ ಸಾಲಿನಲ್ಲೂ ಮೊದಲ ಕುಣಿಕೆ ಹೆಣೆದು, ಮುಂದಿನ ಎರಡನ್ನು ಸೇರಿಸಿ ಒಂದು ಮಾಡುವುದು, ಉಳಿದದ್ದು ಸೀದಾ. 3 ಉಳಿದಾಗ ಮುಗಿಸುವುದು. ಮುಕ್ಕಾಲು ಮೀಟರಿನಷ್ಟು ಚೌಕ ಬರುತ್ತದೆ. ಸಾಲು ಎಣಿಸುವ ತಲೆಬಿಸಿ ಇಲ್ಲದ ಕಾರಣ, ಬಾಣಂತನದ ಗಡಿಬಿಡಿಯಲ್ಲಿ ಯಾರು ಕರೆದರೂ ಸಾಲು ಮುಗಿಸಿ ಎದ್ದು ಹೋಗಬಹುದಿತ್ತು. ಇನ್ನೊಂದು ಮಾತು. ಹೊಸ ಉಂಡೆಯನ್ನು ಅಂಚಿನಲ್ಲೇ ಜೋಡಿಸಿ, ಬಾಲವನ್ನು ಒಂದು ಗೇಣಾದರೂ ಬಿಡಿ. ಹತ್ತಿ ನುಣುಪಾದ್ದರಿಂದ ಗಿಡ್ಡ ಬಾಲ ಒಗೆತದಲ್ಲಿ ಹೊರಗೆ ಬರುತ್ತದೆ.

ಮಗುವಿನ ಬಾಯಿಗೆ ಹೋಗುವ ವಸ್ತು ಇದು, ಒಗೆಯದೆ ಕೊಡಬಾರದು. ಆಗ ಆಟಿ ತಿಂಗಳು, ಬಿಸಿಲಿನ ಸುಳಿವೇ ಇಲ್ಲ. ಹಿಂಡದೆ ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿದೆ. ಹಗ್ಗಕ್ಕೆ ಹಾಕಿದರೆ ಒಂದೇ ಕಡೆ ಜಗ್ಗುತ್ತದೆ ಅಂತ ಚಾಪೆಯ ಮೇಲೆ ಹರಡಿ ಫ್ಯಾನ್ ಹಾಕಿ, ಆಗಾಗ ಮಗುಚಿದೆ. ಪೂರ್ತಿ ಒಣಗದೆ ಮಡಚಿಟ್ಟರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ.

ತೊಟ್ಟಿಲಿಗೆ ಹಾಕುವ ದಿನ ತಂಗಿಯ ಕೈಗೆ ಕೊಡುವಾಗಲೇ ಹೇಳಿದೆ: "ಇದು ಮಡಿಲಲ್ಲಿ ಹಾಸಲಿಕ್ಕೆ, ಎತ್ತಿಕೊಂಡಾಗ ಸುತ್ತಲಿಕ್ಕೆ. ಮಲಗಿದ ಮಗುವಿನ ಮೇಲೆ ಹೊದೆಸಿ ಬಿಟ್ಟು ಹೋಗಬೇಡ." ವರ್ಷ ತುಂಬದ ಮಗು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ ಇರಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಅದು ಮುಖದ ಮೇಲೆ ಬಂದರೆ ತೆಗೆಯುವ ಶಕ್ತಿ ಅಷ್ಟು ಸಣ್ಣ ಕೈಗೆ ಇರುವುದಿಲ್ಲ. "ಹೂಂ ಅಕ್ಕ, ಗೊತ್ತುಂಟು," ಅಂದಳು.

ಈಗ ಉಳಿದ ನೂಲಿನಲ್ಲಿ ಮುಖ ಒರೆಸುವ ಚೌಕ ಮಾಡುತ್ತಿದ್ದೇನೆ. ಹೆಣೆಯುವುದು ಅದೇ ರೀತಿ. ಅಂಚು ಒಂದು ಗೇಣು ಆದಾಗ ತಿರುಗಿದರೆ ಆಯಿತು.